ಪದ ಪರಿಚಯ: ಹಸಿರು ಹೈಡ್ರೋಜನ್

ನೀರಿಗೆ ವಿದ್ಯುತ್ ಹಾಯಿಸಿದರೆ ಹೈಡ್ರೋಜನ್ ಮತ್ತು ಆಮ್ಲಜನಕ ಬೇರೆಯಾಗುತ್ತವೆ. ಆ ವಿದ್ಯುತ್ತು ಬಿಸಿಲು, ಗಾಳಿಯಂಥ ಮೂಲದಿಂದ ಬಂದಿದ್ದರೆ ಸಿಗುವುದು ಹಸಿರು ಹೈಡ್ರೋಜನ್. ಗೊಬ್ಬರದ ಕಾರ್ಖಾನೆ, ತೈಲ ಸಂಸ್ಕರಣಾಗಾರಗಳಲ್ಲಿ ಈಗ ಬಳಸುತ್ತಿರುವುದರಲ್ಲಿ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ತೆಗೆದದ್ದು, ಹಸಿರಲ್ಲ. ಹಸಿರು ಎನಿಸಿಕೊಳ್ಳಲು ಒಂದು ಕೆ.ಜಿ. ಹೈಡ್ರೋಜನ್ ತಯಾರಿಸುವಾಗ ಹೊಮ್ಮುವ ಅನಿಲ, ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ, 2 ಕೆ.ಜಿ. ಮೀರಬಾರದು ಎಂದು ಭಾರತ ಸರ್ಕಾರ 2023ರಲ್ಲಿ ಮಿತಿ ಹಾಕಿದೆ.

ಇದನ್ನೇ ಇಂಧನವಾಗಿ ಬಳಸಿ ವಿಮಾನ ಹಾರಿಸುವುದಾದರೆ ಎಷ್ಟು ಬೇಕಾಗುತ್ತದೆ? ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ಎಟಿಆರ್-72 ವಿಮಾನವನ್ನೇ ತೆಗೆದುಕೊಳ್ಳೋಣ. ಒಂದು ಗಂಟೆಯ ಹಾರಾಟಕ್ಕೆ 700 ಕೆ.ಜಿ. ಇಂಧನ ಎಂದಿಟ್ಟುಕೊಳ್ಳಿ. ತೂಕಕ್ಕೆ ತೂಕ ನೋಡಿದರೆ ಹೈಡ್ರೋಜನ್‌ನಲ್ಲಿರುವ ಶಕ್ತಿ ವಿಮಾನದ ಇಂಧನದ ಸುಮಾರು ಮೂರು ಪಟ್ಟು. ಹಾಗಾಗಿ 250 ಕೆ.ಜಿ. ಸಾಕು. ಒಂದು ಕೆ.ಜಿ. ತಯಾರಿಸಲು ಸುಮಾರು 55 ಯೂನಿಟ್, ಅದನ್ನು ದ್ರವ ಮಾಡಲು ಇನ್ನೊಂದು 10 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಒಟ್ಟು 16 ಸಾವಿರ ಯೂನಿಟ್ ದಾಟಿತು. ಶರಾವತಿ ವಿದ್ಯುದಾಗಾರದ 103.5 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಸಾಮರ್ಥ್ಯದಲ್ಲಿ ಹತ್ತು ನಿಮಿಷದೊಳಗೆ ಇಷ್ಟನ್ನು ಕೊಡುತ್ತದೆ. ಕೇಳಲು ಸುಲಭ. ಆದರೆ ಸಂಜೆ ಹೊತ್ತು ಊರೂರಿನ ಬೇಡಿಕೆ ಏರಿದಾಗ ಕೈಹಿಡಿಯುವುದು ಇದೇ ಶರಾವತಿ. ಅದನ್ನು ಇತ್ತ ತಿರುಗಿಸಿಕೊಂಡು, ಆ ಜಾಗವನ್ನು ಕಲ್ಲಿದ್ದಲ ವಿದ್ಯುತ್ತಿನಿಂದ ತುಂಬಿದರೆ ಹಸಿರು ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಹೊಸದಾಗಿ ಸೇರಿದ ಬಿಸಿಲು, ಗಾಳಿಯ ವಿದ್ಯುತ್ತೇ ಬೇಕು.

ನೀರಿನ ಪ್ರಮಾಣ ದೊಡ್ಡದಲ್ಲ. ಕೆ.ಜಿ.ಗೆ 9 ಲೀಟರ್, ಶುದ್ಧೀಕರಣದಲ್ಲಿ ಪೋಲಾಗುವುದು ಬೇರೆ. ಆದರೆ ಕುಡಿಯುವ ನೀರಿನ ಶುದ್ಧತೆ ಸಾಲದು. ಕ್ಯಾಲ್ಸಿಯಂ, ಕಬ್ಬಿಣ, ಕ್ಲೋರೈಡ್ ಸ್ವಲ್ಪ ಉಳಿದರೂ ನೀರನ್ನು ಒಡೆಯುವ ಯಂತ್ರವಾದ ಎಲೆಕ್ಟ್ರೊಲೈಸರ್‌ನ ಪೊರೆ ಕೆಡುತ್ತಾ ಹೋಗಿ, ಅಷ್ಟೇ ಅನಿಲಕ್ಕೆ ಹೆಚ್ಚು ವಿದ್ಯುತ್ ಎಳೆಯತೊಡಗುತ್ತದೆ.

ನಿಜವಾದ ಕಷ್ಟ ಶುರುವಾಗುವುದು ತುಂಬಿಡುವಾಗ. ಹೈಡ್ರೋಜನ್ ದ್ರವವಾಗಲು ಮೈನಸ್ 253 ಡಿಗ್ರಿಗೆ ಇಳಿಯಬೇಕು. ಇಳಿದರೂ ಒಂದು ಘನ ಮೀಟರ್‌ನಲ್ಲಿ ಹಿಡಿಯುವುದು 71 ಕೆ.ಜಿ. ಮಾತ್ರ, ವಿಮಾನದ ಇಂಧನವಾದರೆ ಸುಮಾರು 800 ಕೆ.ಜಿ. ಹಿಡಿಯುತ್ತದೆ. ಅದೇ ಶಕ್ತಿಗೆ ನಾಲ್ಕು ಪಟ್ಟು ಜಾಗ ಬೇಕಾಯಿತು. ಈಗಿನಂತೆ ರೆಕ್ಕೆಯೊಳಗೆ ಸುರಿದಿಡಲು ಬರುವುದಿಲ್ಲ. ಫ್ಲಾಸ್ಕಿನ ಹಾಗೆ ಎರಡು ಗೋಡೆಯ, ನಡುವೆ ಗಾಳಿಯಿಲ್ಲದ ಟ್ಯಾಂಕನ್ನು ವಿಮಾನದ ಒಡಲಲ್ಲೇ ಕೂರಿಸಬೇಕು, ಹಿಂದಿನ ಸಾಲಿನ ಸೀಟುಗಳು ಹೋಗುತ್ತವೆ. ತುಂಬಿಸುವ ಪೈಪಿನಲ್ಲಿ ಗಾಳಿ ಉಳಿದಿದ್ದರೆ ಅದರ ಸಾರಜನಕವೂ ಗಟ್ಟಿಯಾಗಿ ಕವಾಟ ಕಟ್ಟಿಕೊಳ್ಳುತ್ತದೆ; ಅದಕ್ಕೇ ಮೊದಲು ಹೀಲಿಯಂ ಹಾಯಿಸಿ ಪೈಪು ತೊಳೆಯುತ್ತಾರೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಜೋಡಣೆಯ ಮೇಲೆ ಮಂಜುಗಡ್ಡೆ ಕಟ್ಟಿ ಬಿಚ್ಚಲಾಗದಂತೆ ಕಚ್ಚಿಕೊಳ್ಳುವ ಅಪಾಯವೂ ಉಂಟು. ಸೋರಿಕೆಗೆ ವಾಸನೆಯಿಲ್ಲ, ಉರಿ ಹಗಲಲ್ಲಿ ಕಾಣುವುದೇ ಇಲ್ಲ. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ಸಂವೇದಕಗಳಿಲ್ಲದೆ ಇದರ ಹತ್ತಿರ ಹೋಗುವಂತಿಲ್ಲ.

ಇದನ್ನೆಲ್ಲ ಒಂದು ಕಂಪನಿ ಹೊತ್ತುಕೊಳ್ಳಲಾರದು. ವಿಮಾನವಿಲ್ಲದೆ ಇಂಧನ ಘಟಕಕ್ಕೆ ಯಾರೂ ಹಣ ಹಾಕರು, ಇಂಧನ ಸಿಗದೆ ವಿಮಾನವನ್ನು ಯಾರೂ ಕೊಳ್ಳರು. ಉದ್ಯಮಗಳು ಕೈಜೋಡಿಸುವುದು ಈ ಗಂಟು ಬಿಡಿಸಲಿಕ್ಕೆ. ಎಂಜಿನ್ ತಯಾರಿಸುವ ರೋಲ್ಸ್ ರಾಯ್ಸ್ ಮತ್ತು ವಿಮಾನಯಾನ ಕಂಪನಿ ಈಸಿಜೆಟ್ ಸೇರಿ 2022ರಲ್ಲಿ ಬ್ರಿಟನ್ನಿನಲ್ಲಿ ಹಸಿರು ಹೈಡ್ರೋಜನ್‌ನಿಂದ ವಿಮಾನದ ಎಂಜಿನ್ನನ್ನು ನೆಲದ ಮೇಲೆ ಓಡಿಸಿದವು. ಮರುವರ್ಷ ಅವುಗಳ ಜೊತೆ ಏರ್‌ಬಸ್, ಗಾಳಿ ವಿದ್ಯುತ್ತಿನ ಓರ್‌ಸ್ಟೆಡ್, ಬ್ರಿಸ್ಟಲ್ ವಿಮಾನ ನಿಲ್ದಾಣ ಒಂದೇ ಕೂಟಕ್ಕೆ ಬಂದವು: ತಯಾರಿಸುವವರು, ತುಂಬಿಸುವವರು, ಹಾರಿಸುವವರು ಎಲ್ಲರೂ ಒಂದೆಡೆ. ಆದರೂ 2035ಕ್ಕೆ ಹೈಡ್ರೋಜನ್ ವಿಮಾನ ತರುತ್ತೇವೆ ಎಂದಿದ್ದ ಏರ್‌ಬಸ್ 2025ರಲ್ಲಿ ಆ ಗಡುವನ್ನು ಮುಂದೂಡಿತು.

ನೀರಿನ ಮೇಲೆ ಕೆಲಸ ಸ್ವಲ್ಪ ಮುಂದೆ ಸಾಗಿದೆ, ಏಕೆಂದರೆ ಹಡಗಿನಲ್ಲಿ ಟ್ಯಾಂಕಿಗೆ ಜಾಗವಿದೆ. ನಾರ್ವೆಯ 'ಹೈಡ್ರಾ' ಸಿಗಂದೂರಿಗೆ ಹೋಗುತ್ತಿದ್ದ ಲಾಂಚಿನಂತೆ ಜನ, ವಾಹನ ಎರಡನ್ನೂ ದಾಟಿಸುವ ಹಡಗು. 2023ರಿಂದ ದ್ರವ ಹೈಡ್ರೋಜನ್‌ನಲ್ಲಿ ಓಡುತ್ತಿದೆ. ಓಡಿಸುವುದು ನಾರ್ಲೆಡ್ ಕಂಪನಿ, ಹೈಡ್ರೋಜನ್ನಿನಿಂದ ವಿದ್ಯುತ್ ಮಾಡುವ ಫ್ಯೂಯೆಲ್ ಸೆಲ್ ಬಲ್ಲಾರ್ಡ್ ಕಂಪನಿಯದು, ಇಂಧನ ಲಿಂಡೆಯದು. ಆ ಇಂಧನ ಜರ್ಮನಿಯಿಂದ ಲಾರಿಯಲ್ಲಿ ಬರಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೆಪಿಐಟಿ ಕಂಪನಿಯ ಜೊತೆ ಸೇರಿ ಕಟ್ಟಿದ ಫ್ಯೂಯೆಲ್ ಸೆಲ್ ದೋಣಿಗೆ 2024ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿತು.

ಸಾಗರ ದಾಟುವ ಸರಕು ಹಡಗುಗಳಿಗೆ ಹೈಡ್ರೋಜನ್ನನ್ನು ನೇರ ತುಂಬುವುದಕ್ಕಿಂತ ಅದರಿಂದ ಅಮೋನಿಯಾ ಅಥವಾ ಮೆಥನಾಲ್ ಮಾಡಿಕೊಳ್ಳುವುದೇ ವಾಸಿ. ಅಮೋನಿಯಾ ಮೈನಸ್ 33 ಡಿಗ್ರಿಗೇ ದ್ರವವಾಗುತ್ತದೆ, ಆದರೆ ವಿಷಕಾರಿ. ಮೆಥನಾಲ್‌ಗೆ ಆ ಚಳಿ ಬೇಡ, ಸಾಮಾನ್ಯ ಟ್ಯಾಂಕಿನಲ್ಲಿ ದ್ರವವಾಗಿಯೇ ಇರುತ್ತದೆ. ಅದರಲ್ಲಿರುವ ಇಂಗಾಲವನ್ನು ಮಾತ್ರ ಕೃಷಿ ತ್ಯಾಜ್ಯದಂಥ ಮೂಲದಿಂದ ತಂದಿರಬೇಕು.