ನಗರದ ತಲ್ಲಣ, ಕವಿತೆಯ ಮಾರ್ದವ: ಒಂದು ಅಧ್ಯಯನ ಟಿಪ್ಪಣಿ

ತಲ್ಲಣಗೊಂಡ ನಗರವನ್ನು ಕುರಿತ ಕವಿತೆಯಲ್ಲಿ ಮಾರ್ದವವೂ ಆತಂಕವೂ ಹೇಗೆ ಒಟ್ಟಿಗಿರುತ್ತವೆ ಎಂಬ ಪ್ರಶ್ನೆ ಬಂದಾಗ ಹಾಳೆಯ ಒಂದು ಬದಿಗೆ ಮಾರ್ದವದ ಸಾಲುಗಳನ್ನೂ ಇನ್ನೊಂದು ಬದಿಗೆ ಆತಂಕದ ಸಾಲುಗಳನ್ನೂ ಪಟ್ಟಿ ಮಾಡುವ ರೂಢಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಓದುವ ನಮ್ಮಂಥವರಲ್ಲಿದೆ. ಅದರಿಂದ ಅಂಕ ಬಂದೀತು, ಕವಿತೆ ಕೈಗೆ ಸಿಗದು. ಎರಡರಲ್ಲಿ ಯಾವುದು ಪ್ರಧಾನ, ಯಾವುದು ಅದಕ್ಕೆ ಅಂಗ, ಎಂದರೆ ಪೋಷಕ, ಎಂಬುದನ್ನು ಮೊದಲು ವಿಚಾರಿಸಬೇಕು.

ಈ ವಿಚಾರ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ ಎಂಬ ಸಂಸ್ಕೃತ ಕಾವ್ಯಮೀಮಾಂಸೆಯ ಗ್ರಂಥದ ಮೂರನೆಯ ಉದ್ಯೋತದಲ್ಲಿ (ಅಧ್ಯಾಯದಲ್ಲಿ) ರಸವಿರೋಧವನ್ನು, ಎಂದರೆ ಒಂದಕ್ಕೊಂದು ಹೊಂದದ ಭಾವಗಳು ಒಂದೆಡೆ ಸೇರುವುದನ್ನು, ಚರ್ಚಿಸುತ್ತ ಮಹಾಭಾರತದ ಸ್ತ್ರೀಪರ್ವದ ಶ್ಲೋಕವೊಂದನ್ನು ಎತ್ತಿಕೊಳ್ಳುತ್ತಾನೆ. ರಣರಂಗದಲ್ಲಿ ಮಡಿದ ವೀರ ಭೂರಿಶ್ರವಸ್ಸಿನ ಕತ್ತರಿಸಿಬಿದ್ದ ಕೈಯನ್ನು ಕಂಡು ಅವನ ಮಡದಿ, ತನ್ನ ಒಡ್ಯಾಣವನ್ನು ಸೆಳೆಯುತ್ತಿದ್ದ ಕೈ ಇದೇ ಎಂದು ಗೋಳಿಡುತ್ತಾಳೆ. ಹಳೆಯ ಶೃಂಗಾರದ ನೆನಪು ಇಲ್ಲಿ ಕರುಣಕ್ಕೆ ಅಡ್ಡಿಯಾಗುವುದಿಲ್ಲ. ಅದಕ್ಕೆ ಅಂಗವಾಗಿ ನಿಂತು ಅದನ್ನೇ ಹರಿತಗೊಳಿಸುತ್ತದೆ.

ನಗರದ ಕವಿತೆಯಲ್ಲಿ ಇದೇ ಕ್ರಮ ತಿರುವುಮುರುವಾಗಬಹುದು: ಮಾರ್ದವವೇ ಮುಂದೆ ನಿಂತು, ಆತಂಕ ಅದರೊಳಗೆ ಅಡಗಿರಬಹುದು. 1915ರಲ್ಲಿ ಅಚ್ಚಾದ, ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ಟನ ಪ್ರೂಫ್ರಾಕ್ ಕವಿತೆಯಲ್ಲಿ ಸಂಜೆಯು ಅರಿವಳಿಕೆ ಕೊಟ್ಟು ಮೇಜಿನ ಮೇಲೆ ಮಲಗಿಸಿದ ರೋಗಿಯಂತಿದೆ. ಹಳದಿ ಮಂಜು ಮಾತ್ರ ಬೆಕ್ಕಿನ ಹಾಗೆ ಕಿಟಕಿಗಳಿಗೆ ಬೆನ್ನುಜ್ಜಿ, ಮನೆಯನ್ನು ಸುತ್ತಿಕೊಂಡು ನಿದ್ದೆಹೋಗುತ್ತದೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದ ಕಥಾನಾಯಕ ಪ್ರೂಫ್ರಾಕನ ನಗರದಲ್ಲಿ ಸಲಿಗೆಯೆಲ್ಲ ಮಂಜಿನ ಪಾಲಾಗಿದೆ. ನನಗೆ ಆ ಕವಿತೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿಗಿಂತ ಈ ಬೆಕ್ಕೇ ಹೆಚ್ಚು ಕಳವಳ ತರುತ್ತದೆ.

ನಮ್ಮೂರಿನ ಸಾಮಗ್ರಿಯಿಂದಲೇ ಒಂದು ಅಭ್ಯಾಸ ಮಾಡಬಹುದು. 1898ರಲ್ಲಿ ಮೈಸೂರಿಗೆ ಪ್ಲೇಗು ಬಂದಿತು. ನಗರವನ್ನು ತಿದ್ದಲು 1903ರಲ್ಲಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾದದ್ದಕ್ಕೂ ಆ ಪಿಡುಗೇ ಹಿನ್ನೆಲೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಅದು ಪ್ಲೇಗಿನ ಸೂಚನೆಯೆಂದು ಜನ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಅಭ್ಯಾಸಕ್ಕೆಂದು ಕಟ್ಟಿದ ಸಾಲುಗಳು ಇವು:

ಅಟ್ಟದಲ್ಲಿ ಇಲಿ ಬಿತ್ತು. ದೀಪ ಹಚ್ಚಿದ ಮೇಲೂ
ಅವ್ವ ಮಗಳ ತಲೆ ಬಾಚುತ್ತ ಕುಳಿತಳು.

ದೀಪ ಹಚ್ಚಿದ ಮೇಲೆ ತಲೆ ಬಾಚಬಾರದೆಂಬುದು ಮನೆಮನೆಯ ಕಟ್ಟಳೆ. ತಾಯಿ ಅದನ್ನು ಮೀರಿದ್ದಾಳೆ ಎಂದರೆ ನಾಳೆ ಈ ಹೊತ್ತು ತಮಗೆ ಸಿಕ್ಕೀತೆಂಬ ಭರವಸೆ ಅವಳಿಗಿಲ್ಲ. ಬಾಚಣಿಗೆ ಹಿಡಿದ ಕೈಯ ಅಕ್ಕರೆಯಲ್ಲೇ ಭಯವೂ ಇದೆ. ಇದರ ಕೆಳಗೆ ‘ಊರೆಲ್ಲ ಹೆದರಿತ್ತು’ ಎಂದು ಮೂರನೆಯ ಸಾಲೊಂದನ್ನು ಬರೆದು ನೋಡಿ: ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಎರಡನೆಯ ಮಹಾಯುದ್ಧದ ನಡುವೆ, ಕ್ವಿಟ್ ಇಂಡಿಯಾ ಚಳವಳಿಯ ವರ್ಷವಾದ 1942ರಲ್ಲಿ ಹೊರಬಂತೆಂಬ ಕಾರಣಕ್ಕೆ ‘ಮೈಸೂರ ಮಲ್ಲಿಗೆ’ಯನ್ನೂ ಈ ಚರ್ಚೆಗೆ ಎಳೆದುತರುವವರಿದ್ದಾರೆ. ಅಲ್ಲಿ ಯುದ್ಧದ ಆತಂಕ ಕಾಲದಲ್ಲಿದೆಯೇ ಹೊರತು ದಾಂಪತ್ಯದ ಆ ಪದ್ಯಗಳ ಒಳಗಿಲ್ಲವಾದ್ದರಿಂದ, ಈ ಪ್ರಶ್ನೆಗೆ ಉತ್ತರ ಬರೆಯುವಾಗ ಆ ಸಂಕಲನವನ್ನು ಉದಾಹರಣೆಯಾಗಿ ಕೊಡದಿರುವುದು ಲೇಸು.