ಇಳಿಯೋಕೆ ಮೋಟ್ರೇ ಬೇಡದ ಲಿಫ್ಟು

ಮೈಸೂರಿನ ಕುವೆಂಪುನಗರದಲ್ಲಿ ನಮ್ ಚಿಕ್ಕಪ್ಪ ಮೂರಂತಸ್ತಿನ ಮನೆ ಕಟ್ಟಿ, ಅಜ್ಜಿಗೆ ಮಂಡಿನೋವು ಅಂತ ಲಿಫ್ಟ್ ಹಾಕ್ಸಿದ್ರು. ಗೃಹಪ್ರವೇಶಕ್ಕೆ ಬಂದ ಮಂಡ್ಯದ ಮಾವ ಟೆರೇಸ್ ತನಕ ಹೋಗಿ ಹುಡುಕ್ಕೊಂಡ್ ಬಂದು, "ಅಲ್ಲ ಕಣಪ್ಪ, ಮೇಲೆ ಮೋಟ್ರು ರೂಮೇ ಇಲ್ವಲ್ಲ, ಇದುನ್ನ ಎಳೆಯೋದ್ಯಾರು?" ಅಂದ್ರು.

ಇದು ಹೈಡ್ರಾಲಿಕ್ ಲಿಫ್ಟು, ಎಳೆಯಲ್ಲ ಮಾವ, ತಳ್ಳುತ್ತೆ. ಜಲ್ಲಿ ಟಿಪ್ಪರ್‌ನ ಡಬ್ಬ ಎತ್ತುತ್ತಲ್ಲ ಜಾಕು, ಅದೇ ಕಥೆ. ಕೆಳಗಡೆ ಒಂದು ಆಯಿಲ್ ಟ್ಯಾಂಕು, ಪಂಪು ಆಯಿಲ್‌ನ ಸಿಲಿಂಡರ್‌ಗೆ ನೂಕುತ್ತೆ, ಪಿಸ್ಟನ್ ಮೇಲೇಳುತ್ತೆ. ದ್ರವಕ್ಕೆ ಒಂದ್ಕಡೆ ಒತ್ತಡ ಕೊಟ್ರೆ ಎಲ್ಲಾ ಕಡೆಗೂ ಅಷ್ಟೇ ಹರಡುತ್ತೆ ಅಂತ ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ, 1795ರಲ್ಲಿ ಬ್ರಾಮಾ ಅನ್ನೋ ಇಂಗ್ಲೆಂಡಿನ ಯಂತ್ರಕಾರ ಅದ್ರಿಂದ ಭಾರೀ ಬಲದಿಂದ ಒತ್ತೋ ಪ್ರೆಸ್ ಮಾಡಿ ಪೇಟೆಂಟ್ ತಗೊಂಡ.

ಲೆಕ್ಕ ನೋಡಿದ್ರೆ ಮಜಾ ಇದೆ. ಕ್ಯಾಬಿನ್ನು ಜನ ಎಲ್ಲಾ ಸೇರಿ 1000 ಕೆಜಿ ಅಂದ್ಕೊಳಿ, ಪಿಸ್ಟನ್ 10 ಸೆಂ.ಮೀ. ದಪ್ಪ ಇದ್ದು ನೇರ ಕ್ಯಾಬಿನ್ ಕೆಳಗೇ ನಿಂತಿದ್ರೆ, ಚದರ ಸೆಂ.ಮೀ.ಗೆ ಸುಮಾರು 13 ಕೆಜಿ ಒತ್ತಡ ಸಾಕು. ಕಾರಿನ ಟೈರ್‌ನಲ್ಲಿ ಇರೋದ್ರ ಆರು ಪಟ್ಟು, ಅಷ್ಟೇ! ಮೂರು ಮೀಟರ್ ಏರೋಕೆ 24 ಲೀಟರ್ ಆಯಿಲ್, ಅಂದ್ರೆ ಎರಡು ಬಿಂದಿಗೆ.

ಆದ್ರೆ ಹೀಗೆ ಕೆಳಗೇ ನಿಲ್ಸೋಕೆ, ಎಷ್ಟು ಎತ್ತರವೋ ಹೆಚ್ಚೂಕಮ್ಮಿ ಅಷ್ಟೇ ಆಳದ ಗುಂಡಿ ತೋಡ್ಬೇಕು, ಬೋರ್‌ವೆಲ್ ತೆಗ್ಸಿದಂಗೆ. ಅದ್ಕೇ ಸುಮಾರು ಕಡೆ ಪಿಸ್ಟನ್ನು ಪಕ್ಕದಲ್ಲಿಟ್ಟು, ಅದ್ರ ತಲೆ ಮೇಲೊಂದು ರಾಟೆ ಕೂರ್ಸಿ, ಒಂದು ತುದಿ ಕೆಳಗೆ ಬಿಗಿದು ಇನ್ನೊಂದು ತುದಿ ಕ್ಯಾಬಿನ್‌ಗೆ ಕಟ್ಟಿದ ರೋಪ್ ಹಾಯಿಸ್ತಾರೆ. ಪಿಸ್ಟನ್ ಒಂದು ಮೀಟರ್ ಎದ್ರೆ ಕ್ಯಾಬಿನ್ ಎರಡು ಮೀಟರ್, ಬದ್ಲಿಗೆ ಪಿಸ್ಟನ್ ಮೇಲೆ ಭಾರ ಡಬ್ಬಲ್. ಚಿಕ್ಕಪ್ಪನ ಮನೇದೂ ಇದೇ. "ಮತ್ತೆ ಹಗ್ಗ ಐತಲ್ಲಯ್ಯ!" ಅಂದ್ರು ಮಾವ. ಮಾತಲ್ಲಿ ಅವ್ರನ್ನ ಗೆಲ್ಲೋಕಾಗಲ್ಲ.

ಇಳಿಯುವಾಗ ಮೋಟ್ರು ತಿರ್ಗೋದೇ ಇಲ್ಲ. ವಾಲ್ವ್ ಸ್ವಲ್ಪ ತೆಗೆದ್ರೆ ಕ್ಯಾಬಿನ್ ತನ್ನ ಭಾರಕ್ಕೇ ಆಯಿಲ್‌ನ ಟ್ಯಾಂಕ್‌ಗೆ ವಾಪಸ್ ತಳ್ಕೊಂಡು ನಿಧಾನಕ್ಕೆ ಕೂರುತ್ತೆ. ಕರೆಂಟ್ ಹೋದ್ರೆ ವಾಲ್ವ್ ತೆಗ್ಯೋಕೆ ಸಣ್ಣ ಬ್ಯಾಟರಿ ಸಾಕು. ಪೈಪ್ ಒಡೆದ್ರೆ? ಸಿಲಿಂಡರ್ ಬಾಯಲ್ಲೇ ಇನ್ನೊಂದು ವಾಲ್ವ್ ಇರುತ್ತೆ, ಆಯಿಲ್ ಜೋರಾಗಿ ನುಗ್ಗಿದ ತಕ್ಷಣ ತಾನಾಗೇ ಮುಚ್ಕೊಳುತ್ತೆ.

ಚಳಿಗಾಲದ ರಾತ್ರಿ ಮಾತ್ರ ಒಂದು ತಮಾಷೆ. ಆಯಿಲ್ ತಣ್ಣಗಾಗಿ ಕುಗ್ಗುತ್ತೆ, ಕ್ಯಾಬಿನ್ ಚೂರು ಕೆಳಗಿಳಿಯುತ್ತೆ, ಸೆನ್ಸರ್ ನೋಡ್ಕೊಂಡು ಪಂಪ್ ಆನ್ ಮಾಡಿ ಮತ್ತೆ ಮಟ್ಟಕ್ಕೆ ತರುತ್ತೆ. ನಡುರಾತ್ರಿ ಗುರ್ರ್ ಅಂತ ಸದ್ದಾದ್ರೆ ಅಜ್ಜಿ ಒಳಗಿಂದಾನೇ ಕೂಗ್ತಾರೆ, "ಯಾರಪ್ಪಾ ಬಂದ್ರು?"