ತಾರೆಯರ ಬಂಗಲೆಗಿಂತ ಮೊದಲು ಗುಡ್ಡವನ್ನು ನೋಡೋಣ

ಕಾರವಾರದ ನಮ್ಮ ಓದಿನ ಗುಂಪಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಗುಡ್ಡಗಳ ಬಂಗಲೆಗಳ ಪಾಠ ಬಂದಾಗ ಎಲ್ಲರಿಗೂ ಒಂದೇ ಕುತೂಹಲ: ಯಾವ ನಟನ ಮನೆಗೆ ಎಷ್ಟು ಕೋಟಿ? ನನಗೆ ಕಾಡಿದ್ದು ಬೇರೆ. ಉಳುಮೆಗೂ ಬಾರದ ಇಳಿಜಾರಿಗೆ ಅಷ್ಟು ಬೆಲೆ ಬಂತು ಹೇಗೆ?

ಲಾಸ್ ಏಂಜಲೀಸ್‌ಗೆ ಅಂಟಿಕೊಂಡ ಬೆವರ್ಲಿ ಹಿಲ್ಸ್‌ನಿಂದ ಶುರು ಮಾಡೋಣ. ಅಲ್ಲಿ ಜಮೀನು ಕೊಂಡವರು ಎಣ್ಣೆ ಹುಡುಕಲು ಕೊರೆದರು, ಸಿಕ್ಕಿದ್ದು ನೀರು. ಸರಿ, ಮನೆ ಸೈಟು ಮಾರೋಣ ಎಂದುಕೊಂಡು 1906ರಲ್ಲಿ ರೋಡಿಯೋ ಲ್ಯಾಂಡ್ ಆ್ಯಂಡ್ ವಾಟರ್ ಕಂಪನಿ ಮಾಡಿದರು. ಸೈಟು ಬೇಗ ಬಿಕರಿಯಾಗಲಿಲ್ಲ. ಜನರನ್ನು ಸೆಳೆಯಲು 1912ರಲ್ಲಿ ದೊಡ್ಡ ಹೋಟೆಲ್ ಎದ್ದಿತು. ಅದು ನಗರವಾಗಿದ್ದು ಆಮೇಲೆ, 1914ರಲ್ಲಿ.

ತಾರೆಯರು ಬಂದದ್ದು ಇನ್ನೂ ತಡವಾಗಿ. 1919ರಲ್ಲಿ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಅಲ್ಲೊಂದು ಬೇಟೆಮನೆ ಕೊಂಡ. ಮರುವರ್ಷ ನಟಿ ಮೇರಿ ಪಿಕ್‌ಫೋರ್ಡ್ ಜೊತೆ ಮದುವೆ. ಇಬ್ಬರ ಹೆಸರು ಸೇರಿಸಿ ಪತ್ರಿಕೆಗಳು ಮನೆಗೆ ‘ಪಿಕ್‌ಫೇರ್’ ಎಂದವು. ಚಾಪ್ಲಿನ್ ಅಲ್ಲೇ ಹತ್ತಿರ ಮನೆ ಕಟ್ಟಿಸಿದ. ಸ್ಟುಡಿಯೋ ಬಡಗಿಗಳ ಕೆಲಸ ಅದು. ಸೆಟ್ ಹಾಕಿ ರೂಢಿ ಇದ್ದವರಲ್ವಾ, ಒಂದೊಂದೇ ಕಳಚಿ ಬೀಳತೊಡಗಿತು ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರಂತೆ.

ಎಲ್ಲ ಬಂಗಲೆಯೂ ಸಿನಿಮಾ ದುಡ್ಡಿನದಲ್ಲ. 55 ಕೋಣೆಗಳ ಗ್ರೇಸ್ಟೋನ್ 1928ರಲ್ಲಿ ಮುಗಿದದ್ದು ಎಣ್ಣೆ ವ್ಯಾಪಾರಿ ಡೊಹೆನಿ ಕುಟುಂಬದ ಹಣದಲ್ಲಿ. ಆ ಜಾಗವನ್ನು 1965ರಲ್ಲಿ ನಗರಾಡಳಿತವೇ ಕೊಂಡಿತು. ಯಾಕೆ? ನೀರಿನ ದೊಡ್ಡ ತೊಟ್ಟಿಗೆ ಎತ್ತರದ ಜಾಗ ಬೇಕಿತ್ತು. 1971ರಿಂದ ಅದು ಸಾರ್ವಜನಿಕ ಉದ್ಯಾನ.

ಇನ್ನು ಮುಖ್ಯ ಭಾಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬುಲ್ಡೋಜರ್‌ಗಳು ಲಾಸ್ ಏಂಜಲೀಸ್‌ನ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದವು. ಒಂದು ಕಡೆ ಕಡಿದ ಮಣ್ಣನ್ನೇ ಇನ್ನೊಂದು ಕಡೆ ತುಂಬಿ ಸೈಟು ಮಾಡಿದರು. ಸರಿಯಾಗಿ ಒತ್ತದ ತುಂಬುಮಣ್ಣು ಮಳೆಗೆ ನಿಲ್ಲುವುದಿಲ್ಲ. 1952ರ ಮಳೆಯಲ್ಲಿ ಗುಡ್ಡ ಜಾರಿತು, ಅದೇ ವರ್ಷ ನಗರಾಡಳಿತ ಮಣ್ಣು ಕಡಿಯುವುದಕ್ಕೆ ನಿಯಮ ತಂದಿತು. 1961ರಲ್ಲಿ ಅಲ್ಲಿನ ಗುಡ್ಡದ ಬಡಾವಣೆ ಬೆಲ್ ಏರ್‌ನ ಬೆಂಕಿಗೆ 484 ಮನೆಗಳು ಸುಟ್ಟವು. ಮರದ ಹಲಗೆಯ ಮಾಡುಗಳು ಕಿಡಿಯನ್ನು ಹಬ್ಬಿಸಿದ್ದವು.

ಅದೇ ಗುಡ್ಡಗಳಲ್ಲಿರುವ, ಫೋಟೋಗಳಿಂದಲೇ ಹೆಸರಾದ ಸ್ಟಾಲ್ ಹೌಸ್ ಎಂಬ ಮನೆ ನನಗೆ ಜಾಸ್ತಿ ಇಷ್ಟ. ವಾಸ್ತುಶಿಲ್ಪಿ ಪಿಯರ್ ಕೋನಿಗ್ ವಿನ್ಯಾಸ, 1960ರಲ್ಲಿ ಮುಗಿಯಿತು. ಗಾಜು, ಉಕ್ಕು, ಎರಡೇ ಮಲಗುವ ಕೋಣೆ. ಮಾಲೀಕ 1954ರಲ್ಲಿ ಆ ಗುಡ್ಡದಂಚಿನ ಜಾಗ ಕೊಂಡವನು, ಬೇರೆಯವರು ಬಿಸಾಡಿದ ಕಾಂಕ್ರೀಟ್ ತುಂಡು ಹೊತ್ತು ತಂದು ತಾನೇ ಒಡ್ಡು ಕಟ್ಟಿದ. ಫೋಟೋದಲ್ಲಿ ಆ ಒಡ್ಡನ್ನು ಯಾರೂ ಗಮನಿಸುವುದಿಲ್ಲ.

ಈಗ ನಮ್ಮ ಜಿಲ್ಲೆ. ಶಿರಸಿ ಕಡೆಯ ಹಳೇ ಮನೆಗಳು ಗುಡ್ಡದ ನೆತ್ತಿ ಹತ್ತಲಿಲ್ಲ. ಕೆಳಗೆ ಅಡಿಕೆ ತೋಟ, ಅದರ ಮೇಲಂಚಿಗೆ ಮನೆ, ಹಿಂದೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಗೊಬ್ಬರಕ್ಕೆ ಸೊಪ್ಪು ಬೇಕು, ಹಾಗಾಗಿ ಬೆಟ್ಟ ಕಡಿಯುವ ಯೋಚನೆಯೇ ಇರಲಿಲ್ಲ.

ಕರಾವಳಿಯಲ್ಲಿ ಈಗ ‘ಸೀ ವ್ಯೂ’ ಸೈಟಿನ ಜಾಹೀರಾತು ಕಾಣುತ್ತಿದೆ. ಲಾಸ್ ಏಂಜಲೀಸ್‌ನಲ್ಲಿ ವರ್ಷಕ್ಕೆ ಸುಮಾರು 370 ಮಿಲಿಮೀಟರ್ ಮಳೆ. ಕಾರವಾರದಲ್ಲಿ ಸುಮಾರು 3000, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಅಲ್ಲಿನ ಮಾದರಿಯನ್ನು ಸುಮ್ನೆ ಎತ್ತಿ ತರಲು ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು ನೆನಪಿದೆಯಲ್ಲ.

ಮುಂದಿನ ವಾರಕ್ಕೆ ಒಂದು ಕೆಲಸ: ಊರಿನ ಯಾವುದಾದರೂ ಧರೆ ಕಡಿದ ಜಾಗ ನೋಡಿ ಬನ್ನಿ, ಮಳೆ ಜೋರಿದ್ದರೆ ದೂರದಿಂದಲೇ. ತಡೆಗೋಡೆಯಲ್ಲಿ ನೀರು ಹೊರಬರುವ ಪೈಪು ಇದೆಯಾ? ಗೋಡೆಯ ಹಿಂದೆ ಮಣ್ಣಿನ ಜೊತೆ ನಿಂತ ನೀರೂ ಒತ್ತುತ್ತದೆ. ಪೈಪು ಕಟ್ಟಿಕೊಂಡಿದ್ದರೆ, ಗೋಡೆ ಉಬ್ಬಿದ್ದರೆ, ಮೇಲೆ ಮರ ವಾಲಿದ್ದರೆ ಬರೆದುಕೊಳ್ಳಿ.